ಸುಂದರಮ್ಮನವರ ಗಿಡ್ಡ ದಾರ

ಸುಂದರಮ್ಮ ತೀರಿಕೊಂಡರು. ೨೦೦೮ರ ಮಾರ್ಚ್ ಹನ್ನೆರಡು, ಬುಧವಾರ, ಮಧ್ಯಾಹ್ನ ಮೂರರಿಂದ ನಾಲ್ಕರ ಒಳಗೆ, ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ. ಅರವತ್ತು ವರ್ಷವಾಗಿತ್ತು. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು.

ಪತ್ರಿಕೆಯ ನಿಧನ ವಾರ್ತೆಗೆ ನಾಲ್ಕು ಸಾಲು ಬರೆದುಕೊಡುವ ಕೆಲಸ ವಾದಿರಾಜರ ಪಾಲಿಗೆ ಬಂತು. ಇಬ್ಬರೂ ಬಸವನಗುಡಿಯ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಕೆಲಸ ಮಾಡಿದವರು. ಅವರು ಲೈಬ್ರರಿಯಲ್ಲಿ, ಈಕೆ ಕಿಟಕಿಯಿಂದ ಸಾಮಾನು ಕೊಟ್ಟು ತಗೊಳ್ಳುವ ವರ್ಕ್‌ಶಾಪಿನ ಟೂಲ್ ರೂಮಿನಲ್ಲಿ. 'ಹದಿನಾರು ವರ್ಷ ಸೇವೆ ಸಲ್ಲಿಸಿದ್ದರು' ಎಂಬಲ್ಲಿಗೆ ಬಂದು ವಾದಿರಾಜರ ಪೆನ್ನು ನಿಂತಿತು. ಜೀವಮಾನವೆಲ್ಲ ಪುಸ್ತಕಗಳ ನಡುವೆ ಕಳೆದವರಿಗೆ ಮುಂದಿನ ಸಾಲು ಹೊಳೆಯಲಿಲ್ಲ. ಆ ಹದಿನಾರು ವರ್ಷದಲ್ಲಿ ಸುಂದರಮ್ಮನವರ ಕಿಟಕಿಯಿಂದ ಹೊರಗೆ ಹೋದ ಮಷೀನಿನಿಂದ ಒಬ್ಬರ ಬೆರಳೂ ಹೋಗಲಿಲ್ಲ, ಒಬ್ಬರ ಕಣ್ಣೂ ಹೋಗಲಿಲ್ಲ. ಆಗದೆ ಉಳಿದದ್ದನ್ನು ಪತ್ರಿಕೆಯವರು ಹಾಕುವುದಿಲ್ಲ. ವಾದಿರಾಜರು ಹೆಸರು, ವಯಸ್ಸು, ವಿಳಾಸ ಬರೆದು ಕಳಿಸಿದರು.

ಸುಂದರಮ್ಮ ಆ ಟೂಲ್ ರೂಮಿಗೆ ಬಂದದ್ದು ೧೯೯೦ರಲ್ಲಿ, ಗಂಡ ಬೈರಯ್ಯ ಸತ್ತ ಮೂರನೇ ತಿಂಗಳಿಗೆ. ಬೈರಯ್ಯ ಅದೇ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ಕು. ಮಳೆಗಾಲದ ಒಂದು ಬೆಳಗ್ಗೆ ಒದ್ದೆ ನೆಲದ ಮೇಲೆ ನಿಂತು ಕೈಯಲ್ಲಿ ಹಿಡಿಯುವ ಡ್ರಿಲ್ಲಿಂಗ್ ಮಷೀನನ್ನು ಚಾಲೂ ಮಾಡಿದವರು ಅದನ್ನು ಬಿಡಲಾಗದೆ ಹಾಗೇ ಬಿದ್ದರು. ಅನುಕಂಪದ ಆಧಾರದ ಮೇಲೆ ಹೆಂಡತಿಗೆ ಕೆಲಸ ಕೊಟ್ಟರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ, ಅಲ್ಲಿಯವರೆಗೆ ಮನೆಯ ಮಿಕ್ಸಿಗಿಂತ ದೊಡ್ಡ ಯಂತ್ರ ಮುಟ್ಟದಿದ್ದ ಹೆಂಗಸಿನ ಕೈಗೆ ಒಂದು ರಿಜಿಸ್ಟರು, ಒಂದು ಬೀಗದ ಕೈಗೊಂಚಲು ಬಂತು. ಎದುರಿಗೆ ಹನ್ನೊಂದು ಮಷೀನುಗಳ ಒಂದು ಕಪಾಟು. ಅವುಗಳಲ್ಲಿ ಗಂಡನ ಜೀವ ತೆಗೆದದ್ದು ಯಾವುದು ಎಂದು ಕೇಳಿದರು. ನಾಲ್ಕನೇ ನಂಬರಿನದು ಎಂದು ಯಾರೋ ನೆಲ ನೋಡುತ್ತ ಹೇಳಿದರು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಆಕೆ ಲೈಬ್ರರಿಗೆ ಬಂದಿದ್ದರು. ವಾದಿರಾಜರು ಆಕೆಯನ್ನು ಹತ್ತಿರದಿಂದ ನೋಡಿದ್ದು ಆಗಲೇ. ನಾಲ್ಕನೇ ನಂಬರಿನ ಪ್ಲಗ್ಗಿಗೆ ಎರಡೇ ಕಡ್ಡಿ ಇದೆ, ಪಕ್ಕದ್ದಕ್ಕೆ ಮೂರಿದೆ, ಮೂರನೆಯದು ಯಾತಕ್ಕೆ ಅಂತ ಯಾವುದಾದರೂ ಪುಸ್ತಕದಲ್ಲಿ ಇದೆಯೇ ಎಂದು ಕೇಳಿದರು. ವಾದಿರಾಜರು ಇಂಗ್ಲಿಷಿನ ಒಂದು ಪಠ್ಯಪುಸ್ತಕ ತೆಗೆದು, ಅರ್ಧ ಗಂಟೆ ತಾವೇ ಒದ್ದಾಡಿ ಓದಿ, ತಮಗೆ ತಿಳಿದಷ್ಟು ಕನ್ನಡದಲ್ಲಿ ಹೇಳಿದರು. ಮಷೀನಿನ ಒಳಗೆ ವೈರು ಸವೆದು ಕರೆಂಟು ಮೈಗೆ ಬಂದರೆ ಅದು ಮನುಷ್ಯನ ಮೂಲಕ ಹೋಗದೆ ಮೂರನೇ ಕಡ್ಡಿಯ ಮೂಲಕ ಭೂಮಿಗೆ ಹೋಗಲಿ ಅಂತ. ಸುಂದರಮ್ಮ "ಅದನ್ನ ಕತ್ತರಿಸಿದಾರೆ" ಎಂದರು. ವರ್ಕ್‌ಶಾಪಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎರಡೇ ತೂತು ಇತ್ತು. ಮೂರು ಕಡ್ಡಿಯ ಪ್ಲಗ್ಗು ಹಿಡಿಸುವುದಿಲ್ಲ ಎಂದು ಯಾರೋ ಎಂದೋ ಗರಗಸದಲ್ಲಿ ಒಂದನ್ನು ತೆಗೆದುಹಾಕಿದ್ದರು. ಹನ್ನೊಂದರಲ್ಲಿ ಐದಕ್ಕೆ ಹಾಗೇ ಆಗಿತ್ತು.

ಮಾರನೇ ದಿನದಿಂದ ಆ ಐದು ಮಷೀನು ಕಿಟಕಿ ದಾಟಲಿಲ್ಲ. ಹುಡುಗರ ಪ್ರಾಕ್ಟಿಕಲ್ಸ್ ನಿಂತವು. ಪ್ರಿನ್ಸಿಪಾಲರು ಕರೆಸಿ, ಸೇರಿ ಹದಿನೈದು ದಿನ ಆಗಿಲ್ಲ, ಆಗಲೇ ಕಾನೂನು ಮಾಡೋಕೆ ಶುರು ಮಾಡಿದಿರಾ ಎಂದು ಕೇಳಿದರಂತೆ. ಸುಂದರಮ್ಮ ಹೇಳಿದ ಮಾತನ್ನು ಆ ದಿನ ಅಲ್ಲಿ ಕೂತಿದ್ದ ಗುಮಾಸ್ತರು ನಿವೃತ್ತಿಯಾಗುವವರೆಗೂ ಹೇಳುತ್ತಿದ್ದರು.

"ನಾನು ನಮ್ಮೆಜಮಾನ್ರ ಜಾಗದಲ್ಲಿ ಕೂತಿದೀನಿ ಸಾರ್. ಇನ್ನೊಬ್ಬಳನ್ನ ಈ ಜಾಗಕ್ಕೆ ಕರೆಸ್ಬೇಡಿ."

ಪ್ಲಗ್ಗುಗಳು ಬದಲಾದವು. ಬಾಕ್ಸುಗಳೂ ಬದಲಾದವು. ನಾಲ್ಕನೇ ನಂಬರನ್ನು ಗುಜರಿಗೆ ಹಾಕುವ ಮಾತು ಬಂದಾಗ ಸುಂದರಮ್ಮನವರೇ ಬೇಡವೆಂದರು. ಅದರ ತಪ್ಪೇನಿದೆ ಎಂದು ಕೇಳಿ, ಒಳಗಿನ ವೈರು ಹೊಸದು ಹಾಕಿಸಿ, ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟರು.

ಅಲ್ಲಿಂದ ಆಕೆಯದೇ ಒಂದು ಪದ್ಧತಿ ಬೆಳೆಯಿತು. ಟೂಲ್ ರೂಮಿನಲ್ಲಿ ಎಲ್ಲರಿಗೂ ನಂಬರು ಕೊರೆದ ಒಂದೊಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಬಿಲ್ಲೆ ಕೊಟ್ಟು ಸಾಮಾನು ತಗೊಳ್ಳುವುದು, ಸಾಮಾನು ವಾಪಸ್ಸು ಕೊಟ್ಟು ಬಿಲ್ಲೆ ತಗೊಳ್ಳುವುದು, ಇದು ಹಳೆಯ ಕ್ರಮ. ಸುತ್ತಿಗೆಗೋ ಉಳಿಗೋ ಬಿಲ್ಲೆ ಸಾಕು. ಕರೆಂಟಿನಲ್ಲಿ ತಿರುಗುವ ಮಷೀನು ಬೇಕಾದರೆ ಬಿಲ್ಲೆಯ ಜೊತೆಗೆ ಕೈಗಡಿಯಾರ, ಉಂಗುರ, ಮಣಿಕಟ್ಟಿನ ಕೆಂಪು ದಾರ ಎಲ್ಲವನ್ನೂ ಆಕೆ ಚಾಚಿದ ಸ್ಟೀಲ್ ತಟ್ಟೆಗೆ ಹಾಕಬೇಕು. ಕೈಗೆ ಬಟ್ಟೆಯ ಗ್ಲೌಸು ಹಾಕಿಕೊಂಡು ಬಂದವರು ತಾವು ಬಹಳ ಜಾಗರೂಕರು ಎಂದುಕೊಂಡಿರುತ್ತಿದ್ದರು. ಆಕೆ ಮೊದಲು ಅದನ್ನೇ ಬಿಚ್ಚಿಸುತ್ತಿದ್ದರು. ತಿರುಗುವ ಬಿಟ್ಟಿಗೆ, ತೂತು ಕೊರೆಯುವ ಆ ಉಕ್ಕಿನ ಸಲಾಕೆಗೆ, ಬಟ್ಟೆಯ ಒಂದು ಎಳೆ ಸಿಕ್ಕರೆ ಸಾಕು, ಹಿಂದೆಯೇ ಕೈ ಹೋಗುತ್ತದೆ.

ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಆಂಜಿನಯ್ಯ ಬಾಯಿಬಡುಕ. ಮೊದಲ ದಿನವೇ ಹುಡುಗರ ಎದುರು ರಾಗ ತೆಗೆದ. "ಇದೇನಮ್ಮಾ, ಮುಡಿ ಕೊಡೋಕೆ ಬಂದಂಗಾಯ್ತು. ವಾಚು ಬಿಚ್ಚು, ಉಂಗ್ರ ಬಿಚ್ಚು. ನಾಳೆ ಪ್ಯಾಂಟೂ ಬಿಚ್ಚು ಅಂತೀರಾ?"

"ಪ್ಯಾಂಟು ಬಿಟ್ಟಿಗೆ ಸಿಗೋ ಹಂಗಿದ್ರೆ ಅದನ್ನೂ ಬಿಚ್ಚಿಸ್ತೀನಿ ಸಾರ್. ತಟ್ಟೆ ದೊಡ್ಡದಿದೆ."

ಆಮೇಲೆ ಆಂಜಿನಯ್ಯ ಗಡಿಯಾರವನ್ನು ದಾರಿಯಲ್ಲೇ ಬಿಚ್ಚಿಕೊಂಡು ಬರುತ್ತಿದ್ದ.

ಎಲ್ಲಕ್ಕಿಂತ ಹೆಚ್ಚು ಜಗಳ ತಂದದ್ದು ಗಿಡ್ಡ ದಾರ. ಡ್ರಿಲ್ಲಿಂಗ್ ಮಷೀನಿಗೆ ಬಿಟ್ಟು ಹಾಕಿ ಬಿಗಿ ಮಾಡಲು ಹಲ್ಲುಗಳಿರುವ ಒಂದು ಪುಟ್ಟ ಕೀ ಬೇಕು. ಕಳೆದುಹೋಗದಿರಲಿ ಎಂದು ಊರೆಲ್ಲ ಆ ಕೀಯನ್ನು ವೈರಿಗೆ, ಮಷೀನಿನ ಪಕ್ಕದಲ್ಲೇ ಕಟ್ಟುತ್ತಾರೆ. ಸುಂದರಮ್ಮ ಕಟ್ಟಿದ್ದು ವೈರಿನ ಇನ್ನೊಂದು ತುದಿಗೆ, ಪ್ಲಗ್ಗಿನ ಬುಡಕ್ಕೆ, ಗೇಣುದ್ದದ ದಾರದಲ್ಲಿ. ಪ್ಲಗ್ಗು ಗೋಡೆಯಲ್ಲಿ ಇರುವಷ್ಟು ಹೊತ್ತು ಕೀ ಮಷೀನಿನ ಹತ್ತಿರ ಬರುವುದೇ ಇಲ್ಲ. ಬಿಟ್ಟು ಬದಲಾಯಿಸಬೇಕೆಂದರೆ ಪ್ಲಗ್ಗು ಕೀಳಲೇಬೇಕು. ಪ್ಲಗ್ಗು ಕಿತ್ತು ಬಿಟ್ಟು ಬದಲಾಯಿಸಿ ಅಂತ ಎಷ್ಟು ಸಲ ಹೇಳಿದರೂ ಮನುಷ್ಯ ಮರೆಯುತ್ತಾನೆ, ದಾರ ಮರೆಯುವುದಿಲ್ಲ ಎಂದು ಆಕೆ ವಾದಿರಾಜರಿಗೆ ವಿವರಿಸಿದ್ದರು. ಅದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಮೂರು ಸಂಜೆ ಕೂತು ಒಬ್ಬರೇ ಯೋಚಿಸಿ ಕಂಡುಕೊಂಡದ್ದು. ವಾದಿರಾಜರು ಓದಿದ್ದ ಎಷ್ಟೋ ದೊಡ್ಡ ಯೋಚನೆಗಳಿಗಿಂತ ಅದು ಅವರಿಗೆ ಹೆಚ್ಚು ಮೆಚ್ಚಿಗೆಯಾಯಿತು. ಮೆಚ್ಚಿದರು, ಅಷ್ಟೆ. ಅದು ತಮಗೂ ಅನ್ವಯಿಸುತ್ತದೆ ಎಂದು ಅವರಿಗೆ ಅನಿಸಿರಲಿಲ್ಲ.

ಕಿಟಕಿಯ ಎದುರಿಗೇ ಲೈಬ್ರರಿಯ ಕೌಂಟರು. ಇಬ್ಬರದೂ ಕೊಟ್ಟು ತಗೊಳ್ಳುವ ಕೆಲಸ. ಮಧ್ಯಾಹ್ನದ ಊಟದ ಹೊತ್ತಿಗೆ ಬುತ್ತಿ ಬಿಚ್ಚಿ ಮಾತಾಡುವುದು ರೂಢಿಯಾಯಿತು. ನಿಮ್ಮ ಪುಸ್ತಕ ಯಾರಾದರೂ ತಪ್ಪಾಗಿ ಓದಿದರೆ ಏನಾಗುತ್ತದೆ ರಾಯರೇ ಎಂದು ಸುಂದರಮ್ಮ ಒಮ್ಮೆ ಕೇಳಿದ್ದರು. ಏನೂ ಆಗುವುದಿಲ್ಲ, ಭಾಷಣಕಾರರಾಗುತ್ತಾರೆ ಎಂದು ಇವರು ಹೇಳಿದ್ದಕ್ಕೆ ಆಕೆ ಅನ್ನ ನೆತ್ತಿಗೆ ಹತ್ತುವಷ್ಟು ನಕ್ಕಿದ್ದರು. ತಮ್ಮ ಬರಿಗೈಗಳನ್ನು ತೋರಿಸಿ, ಬಳೆಯೂ ಇಲ್ಲ ಏನೂ ಇಲ್ಲ, ಈ ಕೆಲಸಕ್ಕೆ ನನ್ನ ಕೈಯೇ ಸರಿ ಎಂದದ್ದೂ ಅದೇ ಊಟದ ಹೊತ್ತಿನಲ್ಲಿ. ಆಗ ಇಬ್ಬರೂ ನಕ್ಕಿರಲಿಲ್ಲ.

ಆಯುಧಪೂಜೆಯ ದಿನ ವರ್ಕ್‌ಶಾಪಿನಲ್ಲಿ ಎಲ್ಲ ಯಂತ್ರಕ್ಕೂ ಹೂವಿನ ಹಾರ, ದಾರ, ಕುಂಕುಮ. ಸುಂದರಮ್ಮ ತಮ್ಮ ಹನ್ನೊಂದಕ್ಕೂ ಹಿಡಿಕೆಯ ಮೇಲೆ ಒಂದೊಂದೇ ಬೊಟ್ಟು ಇಟ್ಟು, ಹೂವನ್ನು ಮಷೀನಿಗೆ ಸುತ್ತದೆ ಪಕ್ಕದಲ್ಲಿಡುತ್ತಿದ್ದರು. ಪೂಜೆಯಾದ ಮೇಲೆ ಒಂದು ಸಲ ಚಾಲೂ ಮಾಡಬೇಕೆಂದು ಆಂಜಿನಯ್ಯ ಹಟ ಮಾಡಿದರೆ, ಇವತ್ತು ಅವಕ್ಕೂ ರಜ ಎಂದು ಬಾಗಿಲು ಎಳೆದುಕೊಳ್ಳುತ್ತಿದ್ದರು.

೧೯೯೭ರ ಏಪ್ರಿಲ್‌ನಲ್ಲಿ ವಾದಿರಾಜರ ಮಗಳು ಸುಪ್ರಜಾಳಿಗೆ ಹೆಣ್ಣು ಮಗುವಾಯಿತು. ನಾಮಕರಣ ಮಲ್ಲೇಶ್ವರಂ ಹದಿನೈದನೇ ಕ್ರಾಸಿನ ತವರಿನಲ್ಲಿ, ಭಾನುವಾರ ಹನ್ನೊಂದು ಗಂಟೆಗೆ. ಹಳೇ ಕಾಲದ ಮನೆ, ತೇಗದ ತೊಲೆ. ತೊಟ್ಟಿಲು ತೂಗುಹಾಕುವ ಕೊಂಡಿ ತುಕ್ಕು ಹಿಡಿದು ಅಲ್ಲಾಡುತ್ತಿತ್ತು. ತೊಲೆಗೆ ಹೊಸ ತೂತು ಕೊರೆದು ಹೊಸ ಕೊಂಡಿ ಹಾಕಬೇಕು. ಮಷೀನು ಒಂದು ದಿನ ಮನೆಗೆ ಕೊಡಿ ಎಂದು ವಾದಿರಾಜರು ಕೇಳಿದರು. ಸುಂದರಮ್ಮ ಆಗುವುದಿಲ್ಲ ಎಂದರು. ತಮ್ಮ ಮುಂದೆ ಮರದ ದಿಮ್ಮಿಯಲ್ಲಿ ಇಪ್ಪತ್ತು ತೂತು ಕೊರೆದು ತೋರಿಸದವರಿಗೆ ಮಷೀನು ಇಲ್ಲ, ಅದು ಪ್ರಿನ್ಸಿಪಾಲರಿಗೂ ಅನ್ವಯ. ಬೇಕಾದರೆ ತಾವೇ ಬಂದು ಹಾಕಿಕೊಡುವುದಾಗಿಯೂ ಹೇಳಿದರು.

ವಾದಿರಾಜರು ಮಾತು ಬದಲಾಯಿಸಿದರು. ಮನೆಯಲ್ಲಿ ಅವರ ಅಕ್ಕ ಮೈಸೂರಿನಿಂದ ಬಂದು ಕೂತಿದ್ದರು. ಮಡಿ, ಶಾಸ್ತ್ರ ಎಲ್ಲ ಬಲ್ಲವರು. ಮಗುವಿನ ತೊಟ್ಟಿಲಿಗೆ ಗಂಡನಿಲ್ಲದವಳ ಕೈ ಎಂದು ಅವರು ಏನಾದರೂ ಅಂದುಬಿಟ್ಟರೆ ಎಂಬ ಭಯ. ಆ ಭಯಕ್ಕೇ ಅವರು ಸುಂದರಮ್ಮನವರನ್ನು ನಾಮಕರಣಕ್ಕೂ ಕರೆದಿರಲಿಲ್ಲ. ಏಳು ವರ್ಷ ಎದುರುಬದುರು ಕೂತು ಉಂಡವರನ್ನು ಕರೆದಿರಲಿಲ್ಲ. ಶನಿವಾರ ಆಂಜಿನಯ್ಯನ ಬಿಲ್ಲೆಯ ಮೇಲೆ ಮಷೀನು ಹೊರಗೆ ತರಿಸಿ, ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಅದು ನಾಲ್ಕನೇ ನಂಬರಿನದು.

ಶನಿವಾರ ಅರ್ಧ ದಿನ. ಒಂದು ಗಂಟೆಗೆ ಎಲ್ಲ ಸಾಮಾನು ವಾಪಸ್ಸಾಗಿರಬೇಕು. ಎಲ್ಲರೂ ಹೋದ ಮೇಲೆ ಬಿಲ್ಲೆ ನೇತುಹಾಕುವ ಮೊಳೆಯ ಮೇಲೆ ಒಂದು ಉಳಿದಿತ್ತು, ಆಂಜಿನಯ್ಯನದು. ಗೇಟಿನ ಹತ್ತಿರ ಸ್ಕೂಟರು ಒದೆಯುತ್ತಿದ್ದ ಆಂಜಿನಯ್ಯನನ್ನು ಸುಂದರಮ್ಮ ತಡೆದು ಕೇಳಿದರು. ಅವನು ನಕ್ಕು, ಎಲ್ಲೂ ಹೋಗಿಲ್ಲ, ರಾಯರ ಮನೆಯ ತೊಟ್ಟಿಲಿಗೆ ಹೋಗಿದೆ, ಸೋಮವಾರ ಬರುತ್ತದೆ ಎಂದ.

ಭಾನುವಾರ ಬೆಳಗ್ಗೆ ವಾದಿರಾಜರು ಎತ್ತರದ ಸ್ಟೂಲು ಹತ್ತಿದರು. ಉಟ್ಟದ್ದು ಪಂಚೆ, ಬರಿಮೈ, ಎದೆಯ ಮೇಲೆ ಜನಿವಾರ ತೂಗಾಡುತ್ತಿದೆ. ಅದಕ್ಕೂ ಮೊದಲು, ಪ್ಲಗ್ಗು ಹಾಕಿಟ್ಟೇ ಬಿಟ್ಟು ಬಿಗಿ ಮಾಡಹೋದಾಗ ಕೀ ಮಷೀನಿನವರೆಗೆ ಬರಲಿಲ್ಲವೆಂದು ಸಿಟ್ಟು ಬಂದು ಗಿಡ್ಡ ದಾರವನ್ನು ಕತ್ತರಿಯಲ್ಲಿ ಕತ್ತರಿಸಿದ್ದರು. ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಒಂದು ತುದಿಯಲ್ಲಿ ಮೂರು ತೂತಿನ ಬಾಕ್ಸು, ಇನ್ನೊಂದು ತುದಿಯಲ್ಲಿ ಪ್ಲಗ್ಗೇ ಇಲ್ಲದ ಎಕ್ಸ್‌ಟೆನ್ಷನ್ ವೈರಿನ ಎರಡು ಎಳೆಗಳನ್ನು ಸಾಕೆಟ್ಟಿಗೆ ತೂರಿಸಿ, ಜಾರದಂತೆ ಎರಡು ಬೆಂಕಿಕಡ್ಡಿ ಚುಚ್ಚಿದ್ದರು. ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದ ಕಾಲ. ತಲೆಯ ಮೇಲೆ ಕೈಯೆತ್ತಿ ಹಿಡಿದು ಸ್ವಿಚ್ಚು ಒತ್ತಿ ಒತ್ತಿ ಬೆರಳು ಸೋತಿತು. ಹಿಡಿಕೆಯ ಎಡಗಡೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಸ್ವಿಚ್ಚು ಹಾಗೇ ಕಚ್ಚಿಕೊಂಡು ಮಷೀನು ತಾನೇ ಓಡುತ್ತಿರುತ್ತದೆ. ಅವರು ಅದನ್ನು ಒತ್ತಿದರು. ತೂತು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು.

ಆ ಬೇಸಿಗೆಯಲ್ಲಿ ಕರೆಂಟು ಹೋಗುವುದು ದಿನಾ ಇದ್ದದ್ದೇ. ಹೋದರೆ ಒಂದು ಗಂಟೆ. ವಾದಿರಾಜರು ಮಷೀನನ್ನು ಸ್ಟೂಲಿನ ಮೇಲೆ ಮಲಗಿಸಿ, ಬೆವರು ಒರೆಸಿಕೊಂಡು, ಪುರೋಹಿತರಿಗೆ ಕಾಫಿ ಕೊಡಲು ಒಳಗೆ ಹೋದರು. ಹೆಂಗಸರು ನಡುಮನೆ ಗುಡಿಸಿ, ಜಮಖಾನ ಹಾಸಿ, ಮರದ ತೊಟ್ಟಿಲನ್ನು ತಂದು ತೊಲೆಯ ಕೆಳಗೆ, ಸ್ಟೂಲಿನ ಪಕ್ಕದಲ್ಲೇ ನೆಲದ ಮೇಲಿಟ್ಟರು. ಕೋಣೆಯೊಳಗೆ ಸೆಕೆ ಎಂದು ಮಗುವನ್ನೂ ತಂದು ಅದರಲ್ಲೇ ಮಲಗಿಸಿದರು. ಬಿಟ್ಟು ಮಷೀನಿನಲ್ಲಿ ಹಾಗೇ ಇತ್ತು, ಗೇಣುದ್ದ, ತೊಟ್ಟಿಲಿನ ಕಡೆಗೆ ಮುಖ ಮಾಡಿ.

ಸುಂದರಮ್ಮ ಬಂದದ್ದು ಆಗ. ಚಾಮರಾಜಪೇಟೆಯಿಂದ ಮಾರ್ಕೆಟ್ಟಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಸಂಪಿಗೆ ರಸ್ತೆಯಲ್ಲಿ ಇಳಿದು ನಡೆದು ಬಂದಿದ್ದರು. ಕರೆಯದ ಮನೆಗೆ ಬಂದವರು ಬಾಗಿಲಲ್ಲೇ ನಿಂತು ಮಷೀನು ಕೇಳಿ ತಗೊಂಡು ಹೋಗುವುದೆಂದು ನಿಶ್ಚಯಿಸಿಕೊಂಡಿದ್ದರಂತೆ. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಆಮೇಲೆ ಚಪ್ಪಲಿಯನ್ನೂ ಬಿಡದೆ, ರಂಗೋಲಿ ತುಳಿದು, ಜಮಖಾನದ ಮೇಲೆ ನಡೆದು ಸೀದಾ ಗೋಡೆಯ ಹತ್ತಿರ ಹೋಗಿ ಬಾಕ್ಸಿನಿಂದ ಮಷೀನಿನ ಪ್ಲಗ್ಗನ್ನು ಕಿತ್ತರು. ವಾದಿರಾಜರ ಅಕ್ಕ ಆಕೆಯ ಕಾಲನ್ನೇ ನೋಡಿದರು. ಸುಂದರಮ್ಮ ವಾಪಸ್ಸು ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗೆ ಬಂದು, ಕುಡಿಯಲು ನೀರು ಕೇಳಿದರು.

ನೀರು ಕುಡಿಯುತ್ತಿದ್ದಾಗ ಫ್ಯಾನು ತಿರುಗತೊಡಗಿತು. ಟ್ಯೂಬ್‌ಲೈಟು ಮಿಣಕಿ ಹತ್ತಿಕೊಂಡಿತು. ಮಕ್ಕಳು ಹೋ ಎಂದು ಕೂಗಿದರು. ಮಷೀನು ಸ್ಟೂಲಿನ ಮೇಲೆ ತೆಪ್ಪಗೆ ಮಲಗಿತ್ತು.

"ರಾಯರೇ, ಬನ್ನಿ ಇಲ್ಲಿ" ಎಂದರು ಸುಂದರಮ್ಮ, ಪಕ್ಕದವರಿಗೂ ಕೇಳದ ದನಿಯಲ್ಲಿ. "ಹಿಡಿ ಎಡಗಡೆ ಗುಂಡಿ ಮೇಲೆ ಬೆರಳಿಟ್ಟು ನೋಡಿ."

ವಾದಿರಾಜರು ಬೆರಳಿಟ್ಟರು. ಗುಂಡಿ ಒಳಗೇ ಇತ್ತು. ಮೇಲೆ ತಿರುಗುವ ಫ್ಯಾನನ್ನು ನೋಡಿದರು, ಬಿಟ್ಟನ್ನು ನೋಡಿದರು, ಅದರ ಕೆಳಗೆ ಬಾಯಿ ಚಪ್ಪರಿಸುತ್ತ ನಿದ್ದೆ ಮಾಡುತ್ತಿದ್ದ ಮಗುವನ್ನು ನೋಡಿದರು. ಪ್ಲಗ್ಗು ಇದ್ದಿದ್ದರೆ ಮಷೀನು ಯಾರೂ ಮುಟ್ಟದೆಯೇ ಎದ್ದು, ಸ್ಟೂಲಿನಿಂದ ಕುಣಿದು ಇಳಿಯುತ್ತಿತ್ತು. ವಾದಿರಾಜರು ಗೋಡೆ ಹಿಡಿದುಕೊಂಡರು.

"ಯಾರಿಗೂ ಹೇಳ್ಬೇಡಿ. ಬಾಣಂತಿ ಕಿವಿಗೆ ಬೀಳೋದು ಬೇಡ" ಎಂದು ಸುಂದರಮ್ಮ ಗುಂಡಿ ಬಿಡಿಸಿದರು.

ಆಮೇಲೆ ಮಗುವನ್ನು ಒಳಗೆ ಕಳಿಸಿ, ತೊಟ್ಟಿಲನ್ನು ದೂರ ಸರಿಸಿ, ಬೆಂಕಿಕಡ್ಡಿಗಳನ್ನು ಕಿತ್ತೆಸೆದರು. ಅಡುಗೆಮನೆಯಲ್ಲಿ ಗ್ರೈಂಡರಿಗೆಂದು ಹಾಕಿಸಿದ್ದ ಮೂರು ತೂತಿನ ಸಾಕೆಟ್ಟು ಹುಡುಕಿ, ಪಕ್ಕದ ಮನೆಯಿಂದ ಸರಿಯಾದ ಎಕ್ಸ್‌ಟೆನ್ಷನ್ ತರಿಸಿದರು. ಸೆರಗನ್ನು ಸೊಂಟಕ್ಕೆ ಬಿಗಿದು, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಸ್ಟೂಲು ಹತ್ತುವಾಗ ಅಕ್ಕ ಬಾಯಿ ತೆರೆದರು. ತೊಟ್ಟಿಲಿನ ಕೊಂಡಿ, ಶುಭಕಾರ್ಯ, ಅವರ ಕೈಯಲ್ಲಿ ಯಾಕೆ, ವಾದಿ ಇಲ್ಲವೇ ಎಂದರು. ವಾದಿರಾಜರು ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಅವರ ಹೆಂಡತಿ ತುಳಸಮ್ಮ ಕೋಸಂಬರಿಯ ಪಾತ್ರೆ ಹಿಡಿದುಕೊಂಡೇ ಬಂದರು. ಅವರಿಗೆ ಗುಂಡಿಯ ವಿಷಯ ಗೊತ್ತಿರಲಿಲ್ಲ. ಗಂಡನ ಮುಖ ಮಾತ್ರ ನೋಡಿದ್ದರು.

"ಕೊಂಡಿ ಬೀಳದೆ ಇದ್ರೆ ಸಾಕು ಅತ್ತಿಗೆ. ನಿಮ್ಮ ತಮ್ಮ ಹಾಕಿದ್ದು ಬೀಳುತ್ತೆ. ಅವರು ಹಾಕ್ಲಿ ಬಿಡಿ."

ಸುಂದರಮ್ಮ ಮೂರು ನಿಮಿಷದಲ್ಲಿ ತೂತು ಮುಗಿಸಿದರು. ಗುಂಡಿ ಒತ್ತಲಿಲ್ಲ, ಬೆರಳು ಸೋತಾಗ ಸ್ವಿಚ್ಚು ಬಿಟ್ಟು, ಕೈ ಇಳಿಸಿ, ಮತ್ತೆ ಎತ್ತಿದರು. ಕೊಂಡಿ ತಿರುಗಿಸಿ ಬಿಗಿ ಮಾಡಿ ಇಳಿದು, "ಜನಿವಾರ ಸೊಂಟಕ್ಕೆ ಸಿಕ್ಕಿಸಿಕೊಂಡು ನೇತಾಡಿ ನೋಡಿ ರಾಯರೇ" ಎಂದರು. ಐವತ್ತೆರಡು ವರ್ಷದ ಲೈಬ್ರರಿಯನ್ ರಾಯರು ಪಂಚೆ ಎತ್ತಿ ಕಟ್ಟಿ, ಪುರೋಹಿತರ ಎದುರಿಗೆ, ಮೊಮ್ಮಗಳ ತೊಟ್ಟಿಲಿನ ಕೊಂಡಿಗೆ ಬಾವಲಿಯ ಹಾಗೆ ಜೋತುಬಿದ್ದರು. ಮನೆಯೆಲ್ಲ ನಕ್ಕಿತು. ಅಕ್ಕನೂ ನಕ್ಕರು. ಮಗುವಿಗೆ ಚೈತನ್ಯಾ ಎಂದು ಹೆಸರಿಟ್ಟರು. ಹೊರಡುತ್ತೇನೆಂದ ಸುಂದರಮ್ಮನವರ ತೊಡೆಯ ಮೇಲೆ ತುಳಸಮ್ಮ ಮಗುವನ್ನು ಇಟ್ಟುಬಿಟ್ಟರು, ಊಟವಾಗುವವರೆಗೆ ಎತ್ತಿಕೊಳ್ಳಲಿಲ್ಲ.

ಸೋಮವಾರ ವಾದಿರಾಜರು ಮಷೀನು ತಂದು ಕಿಟಕಿಯ ಮೇಲಿಟ್ಟು ನಿಂತರು. ಕತ್ತರಿಸಿದ ದಾರದ ತುಂಡೂ ಕೈಯಲ್ಲಿತ್ತು. ಕರೆಯದೆ ಇದ್ದದ್ದಕ್ಕೂ ಸೇರಿಸಿ ಏನೇನೋ ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದರು. ಬಾಯಿಗೆ ಬಂದದ್ದು ಇಷ್ಟೇ.

"ಬೈಯೋದಿಲ್ವಾ?"

"ಬೈದ್ರೆ ನಿಮಗೆ ಸಮಾಧಾನ ಆಗ್ಬಿಡುತ್ತೆ ರಾಯರೇ. ವಾಚ್ ಕೊಡಿ."

ತಟ್ಟೆ ಮುಂದೆ ಬಂತು. ಗಡಿಯಾರ ಹಾಕಿದರು. ಆ ದಿನದಿಂದ ಊಟದ ಹೊತ್ತಿನಲ್ಲಿ ದಿಮ್ಮಿಯ ಮುಂದೆ ದಿನಕ್ಕೊಂದು ತೂತು. ಪ್ಲಗ್ಗು ಕಿತ್ತು, ಬಿಟ್ಟು ಹಾಕಿ, ಕೀ ತೆಗೆದು, ಸ್ವಿಚ್ಚು ಬಿಟ್ಟಿದೆಯೇ ನೋಡಿ, ಆಮೇಲೆ ಪ್ಲಗ್ಗು ಹಾಕುವುದು. ಮಧ್ಯದಲ್ಲಿ ಒಂದು ದಿನ ಕೀಯನ್ನು ಮಷೀನಿನಲ್ಲೇ ಮರೆತರು. ಅಲ್ಲಿಯವರೆಗಿನ ಏಳೂ ಲೆಕ್ಕಕ್ಕಿಲ್ಲ ಎಂದು ಸುಂದರಮ್ಮ ಮೊದಲಿನಿಂದ ಶುರು ಮಾಡಿಸಿದರು. ಹುಡುಗರು ನಿಂತು ನೋಡಿ, ಸಾರ್ ಫೇಲಾದ್ರು ಎಂದು ಸಂತೋಷಪಟ್ಟರು. ಇಪ್ಪತ್ತು ಮುಗಿದ ದಿನ ಆಕೆ ಒಂದು ಹಿತ್ತಾಳೆ ಬಿಲ್ಲೆ ಕೊಟ್ಟರು. ವರ್ಕ್‌ಶಾಪಿಗೆ ಸೇರದವರಲ್ಲಿ ಬಿಲ್ಲೆ ಸಿಕ್ಕಿದ್ದು ಅವರೊಬ್ಬರಿಗೇ. ಡಾಕ್ಟರೇಟು ಸಿಕ್ಕಿದ್ದರೂ ಅವರು ಅಷ್ಟು ಜನಕ್ಕೆ ತೋರಿಸುತ್ತಿರಲಿಲ್ಲ.

ಗುಂಡಿಯ ವಿಷಯವನ್ನು ಅವರು ಸುಪ್ರಜಾಳಿಗೆ ಹೇಳಲಿಲ್ಲ. ತುಳಸಮ್ಮನಿಗೂ ಹೇಳಲಿಲ್ಲ. ಚೈತನ್ಯಾ ಸ್ಕೂಲಿಗೆ ಹೋಗಿ, ಓದಲು ಕಲಿತು, ತಾತನ ಕಪಾಟಿಗೆ ಕೈ ಹಾಕುವಷ್ಟಾದಳು. ಅವಳನ್ನು ನೋಡಿದಾಗಲೆಲ್ಲ ಅಲ್ಲದಿದ್ದರೂ ಆಗಾಗ, ಕರೆಂಟು ಹೋಗಿ ಬಂದಾಗ ವಿಶೇಷವಾಗಿ, ಅವರ ಕೈ ಗೋಡೆ ಹುಡುಕುತ್ತಿತ್ತು.

೨೦೦೬ರಲ್ಲಿ ಸುಂದರಮ್ಮ ನಿವೃತ್ತರಾದರು. ಕೈಗೆ ಬಂದ ಹಣದಲ್ಲಿ ಮೊದಲು ಕೊಂಡದ್ದು ಒಂದು ಡ್ರಿಲ್ಲಿಂಗ್ ಮಷೀನು, ಕಬ್ಬಿಣ ಉಜ್ಜುವ, ಕತ್ತರಿಸುವ ಒಂದು ಗ್ರೈಂಡಿಂಗ್ ಮಷೀನು. ಚಾಮರಾಜಪೇಟೆಯ ಬೀದಿಯವರಿಗೆ ಅವನ್ನು ಸುಮ್ಮನೆ ಕೊಡುತ್ತಿದ್ದರು, ಅದೇ ತಟ್ಟೆ, ಅದೇ ದಿಮ್ಮಿ. ಹೂವಿನ ಅಂಗಡಿಯ ಸೊಣ್ಣಪ್ಪ ಶೆಲ್ಫು ಹೊಡೆಯಲು ಬಂದು, ಕೊರಳಿನ ತಾಯಿತವನ್ನೂ ಬಿಚ್ಚಿಸಿದಿರಲ್ಲಮ್ಮ, ನನ್ನನ್ನ ಕಾಯೋರು ಯಾರು ಎಂದು ಕೇಳಿದ್ದ. ಅರ್ಧ ಗಂಟೆ ನಾನು ಕಾಯ್ತೀನಿ, ಆಮೇಲೆ ಅದು ಕಾಯ್ಲಿ ಎಂದಿದ್ದರು. ದೊಡ್ಡ ಕಾರಿನಲ್ಲಿ ಬಂದ ಒಬ್ಬರು ಗ್ರೈಂಡರಿಗೆ ಅಡ್ಡವಿರುವ ತಗಡಿನ ಮರೆಯನ್ನು ತೆಗೆದು ಕೊಡಿ, ದೊಡ್ಡ ಡಿಸ್ಕು ಹಾಕಬೇಕು ಎಂದಾಗ, ಆ ಮರೆ ಇರುವುದು ಡಿಸ್ಕು ಒಡೆದರೆ ಮುಖಕ್ಕೆ ಬರದಿರಲಿ ಅಂತ ಎಂದು ಒಂದು ಸಲ ಹೇಳಿದರು. ಎರಡನೇ ಸಲ ಕೇಳಿದ್ದಕ್ಕೆ ಬಾಗಿಲು ಹಾಕಿಕೊಂಡರು.

ವಾದಿರಾಜರು ಬುಧವಾರ ನಾಲ್ಕು ಗಂಟೆಗೆ ಕಾಫಿಗೆ ಹೋಗುತ್ತಿದ್ದರು. ಹದಿನಾರು ವರ್ಷ ಲೈಬ್ರರಿಯ ಎದುರಿಗೇ ಕೂತು ಒಂದು ಕಥೆ ಪುಸ್ತಕವನ್ನೂ ಕೇಳದಿದ್ದ ಸುಂದರಮ್ಮ ಈಗ ಓದಲು ಶುರು ಮಾಡಿದ್ದರು. ಇವರು ವಾರಕ್ಕೊಂದರಂತೆ ಒಯ್ದು ಕೊಟ್ಟದ್ದು ಟ್ರಂಕಿನ ಮೇಲೆ ಗುಡ್ಡೆಯಾಗಿತ್ತು. ವಾಪಸ್ಸು ಬೇಡ, ಇಟ್ಟುಕೊಳ್ಳಿ ಎಂದಿದ್ದರು. ಹಾಗಾದರೆ ಅವಕ್ಕೊಂದು ಶೆಲ್ಫು ಬೇಕು ಎಂದಿದ್ದರು ಸುಂದರಮ್ಮ.

ಮಾರ್ಚ್ ಹನ್ನೆರಡರಂದು ಬಾಗಿಲು ಚಿಲಕ ಹಾಕದೆ ಬರೀ ಮುಂದಕ್ಕೆ ಮಾಡಿತ್ತು. ಸುಂದರಮ್ಮ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ಕನ್ನಡಕ ಹಾಕಿಕೊಂಡೇ. ವಾದಿರಾಜರು ಎರಡು ಸಲ ಕರೆದರು. ಆಮೇಲೆ ಸೊಣ್ಣಪ್ಪನನ್ನು ಕೂಗಿದರು, ಸೊಣ್ಣಪ್ಪ ಡಾಕ್ಟರನ್ನು ಕರೆತಂದ. ಡಾಕ್ಟರು ಬರುವವರೆಗೆ ವಾದಿರಾಜರಿಗೆ ಮಾಡಲು ಏನೂ ಇರಲಿಲ್ಲ. ನೋಡುತ್ತ ನಿಂತರು.

ಗೋಡೆಯ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಗುರುತು. ಎರಡು ತೂತು ಮುಗಿದಿತ್ತು. ಮೂರನೆಯದು ಅರ್ಧ ಕೊರೆದು ನಿಂತಿತ್ತು, ಕೆಳಗೆ ನೆಲದ ಮೇಲೆ ಇಟ್ಟಿಗೆಯ ಕೆಂಪು ಪುಡಿ. ಸ್ಟೀಲ್ ತಟ್ಟೆಯಲ್ಲಿ ಆಕೆಯದೇ ಗಡಿಯಾರ. ಕೆಲಸದ ಮಧ್ಯದಲ್ಲೇ ಎದೆ ಹಿಡಿದಿರಬೇಕು, ಒಂದೆರಡು ನಿಮಿಷ ಸಿಕ್ಕಿರಬಹುದು ಎಂದರು ಡಾಕ್ಟರು. ಫೋನು ಗೋಡೆಯ ಬಲಗಡೆ ಇತ್ತು, ಮೂರು ಹೆಜ್ಜೆ. ಸಾಕೆಟ್ಟು ಎಡಗಡೆ, ಅದೂ ಮೂರು ಹೆಜ್ಜೆ. ಆ ಲೆಕ್ಕ ವಾದಿರಾಜರನ್ನು ಬಹಳ ದಿನ ಬಿಡಲಿಲ್ಲ. ಒಂದು ಫೋನು ಮಾಡಬಾರದಿತ್ತೇ, ಮನೆಯಲ್ಲಿ ಮತ್ತೊಬ್ಬರು ಯಾರಿದ್ದರು ಎಂದು ಸಿಟ್ಟು ಬಂತು. ಬಾಗಿಲು ಮುಂದಕ್ಕೆ ಮಾಡಿತ್ತು, ಬುಧವಾರವಾಗಿತ್ತು, ನಾಲ್ಕು ಗಂಟೆಗೆ ಒಬ್ಬರು ಬರುವವರಿದ್ದರು ಎಂಬುದು ಅವರಿಗೆ ಹೊಳೆದದ್ದು ತಡವಾಗಿ.

ಮಷೀನು ಮೇಜಿನ ಮೇಲೆ ಮಲಗಿತ್ತು, ಬಿ‍ಟ್ಟು ಗೋಡೆಯ ಕಡೆಗೆ. ಹಿಡಿಕೆಯ ಎಡಗಡೆಯ ಗುಂಡಿ ಹೊರಗಿತ್ತು. ವೈರನ್ನು ಸುತ್ತುವಷ್ಟು ಹೊತ್ತು ಸಿಕ್ಕಿರಲಿಲ್ಲ. ಅದು ಮೇಜಿನಿಂದ ಇಳಿದು, ನೆಲದ ಮೇಲೆ ಹರಿದು, ಕುರ್ಚಿಯವರೆಗೆ ಬಂದಿತ್ತು. ಅದರ ತುದಿ ಸುಂದರಮ್ಮನವರ ಬಲಗೈಯಲ್ಲಿತ್ತು, ಮೂರು ಕಡ್ಡಿಯ ಪ್ಲಗ್ಗು, ಅದರ ಬುಡದಲ್ಲಿ ಗಿಡ್ಡ ದಾರಕ್ಕೆ ಜೋತುಬಿದ್ದ ಕೀ. ಪ್ಲಗ್ಗು ಕಿತ್ತು, ಆಮೇಲೆ ಕೂತಿದ್ದರು.